ಊದುಯಂತ್ರ ನಿಂತಾಗ

ನಾನು ಚಿಕ್ಕವನಾಗಿದ್ದಾಗ ನಮ್ಮೂರ ಕಮ್ಮಾರಸಾಲೆಯ ಮುಂದೆ ಕುಳಿತು ತಿದಿ ಒತ್ತುವುದನ್ನು ನೋಡುವುದೇ ನನಗೊಂದು ಕೆಲಸವಾಗಿತ್ತು. ಚರ್ಮದ ತಿದಿ ಉಸಿರೆಳೆದು ಉಬ್ಬುವುದು, ಮತ್ತೆ ಕುಗ್ಗುವುದು. ಕುಗ್ಗಿದಾಗಲೆಲ್ಲ ಕುಲುಮೆಯ ಇದ್ದಿಲು ಕೆಂಪೇರಿ ಉರಿಯುವುದು. ಒಂದು ದಿನ ನನಗೊಂದು ಸಂದೇಹ ಬಂತು. ತಿದಿಯ ಮೂತಿ ಕುಲುಮೆಯ ಮಣ್ಣಿನ ಕೊಳವೆಯೊಳಗೆ ಬಿಗಿಯಾಗಿ ಕೂತಿರಲಿಲ್ಲ. ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟಿದ್ದರು. ಊದಿದ ಗಾಳಿಯಲ್ಲಿ ಒಂದು ಪಾಲು ಅಲ್ಲಿಯೇ ಸೋರಿ ಹೋಗುತ್ತಿತ್ತು. ಮಣ್ಣು ಮೆತ್ತಿ ಆ ಸಂದನ್ನು ಮುಚ್ಚಬಾರದೇ ಎಂದು ಕೇಳಿದೆ. ಕಮ್ಮಾರ ನಕ್ಕುಬಿಟ್ಟ. “ಮುಚ್ಚಿದರೆ ತಿದಿ ಗಾಳಿ ಕುಡಿಯೋದಿಲ್ಲ ಮಗಾ, ಬೆಂಕಿ ಕುಡೀತದೆ” ಎಂದ.

ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿಯಬೇಕಾದರೆ ಎಷ್ಟೋ ವರ್ಷ ಹಿಡಿಯಿತು. ಅದು ಹೇಗೆ ತಿಳಿಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ತಿದಿಯ ಮೊಮ್ಮಕ್ಕಳಾದ ಊದುಯಂತ್ರಗಳನ್ನು ಕುರಿತು. ಕಾರ್ಖಾನೆಯವರ ಬಾಯಲ್ಲಿ ಇವುಗಳ ಹೆಸರು ಬ್ಲೋವರ್.

ಇದು ಕಾರ್ಖಾನೆಯ ವಿಷಯ, ಮನೆಯಲ್ಲಿ ರೇಡಿಯೊ ಕೇಳುತ್ತ ಕುಳಿತ ನಮಗೇಕೆ ಎಂದು ಯಾರಾದರೂ ಅನ್ನಬಹುದು. ಆದರೆ ತಾವು ದೋಸೆ ತಿನ್ನುವ ಹೋಟೆಲಿನ ಭಟ್ಟಿಯ ಕೆಳಗೆ ಒಂದು ಪುಟ್ಟ ಊದುಯಂತ್ರ ಗುಯ್‌ಗುಟ್ಟುತ್ತಿರುತ್ತದೆ. ಅಕ್ಕಿ ಗಿರಣಿಯಲ್ಲಿ ಹೊಟ್ಟನ್ನು ಹಾರಿಸುವುದು ಅದೇ ಜಾತಿಯ ಯಂತ್ರ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಉರಿಯುವುದಕ್ಕೂ ಅದೇ ಬೇಕು. ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಇರುವವರಿಗಂತೂ ಅದು ಕಾಲ ಕೆಳಗೇ ಇರುತ್ತದೆ. ನೆಲಮಾಳಿಗೆಯಲ್ಲಿ ಕೊಳೆನೀರನ್ನು ಶುದ್ಧಿಮಾಡುವ ತೊಟ್ಟಿಗಳಿಗೆ ಹಗಲೂ ರಾತ್ರಿ ಗಾಳಿ ಊದುವುದು ಈ ಯಂತ್ರವೇ. ಇನ್ನು ಭದ್ರಾವತಿಯಂಥ ಊರಿನವರಿಗೆ ಈ ಶಬ್ದದ ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ. 1923ರಲ್ಲಿ ಅಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕೆಲಸ ಆರಂಭವಾದಂದಿನಿಂದ ಊದುಗಾಳಿಯ ಮೊರೆತ ಕೇಳಿಯೇ ಎರಡು ಮೂರು ತಲೆಮಾರುಗಳು ಬೆಳೆದವು.

ಯಂತ್ರವೆಂದರೆ ಓಡುವಾಗ ಅಪಾಯ, ನಿಂತಾಗ ನಿರ್ಭಯ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದ ನಂಬಿಕೆ. ಬಹುಪಾಲು ಯಂತ್ರಗಳಿಗೆ ಅದು ಒಪ್ಪುತ್ತದೆ. ಊದುಯಂತ್ರಕ್ಕೆ ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ಊದುಯಂತ್ರದಿಂದ ಕೆಟ್ಟದ್ದು ಆದುದೆಲ್ಲ ಬಹುಮಟ್ಟಿಗೆ ಅದು ನಿಂತಿದ್ದಾಗ, ಇಲ್ಲವೆ ನಿಂತದ್ದು ಮತ್ತೆ ಹೊರಟಾಗ.

ಮೊದಲು ಯಂತ್ರದ ಗುಣ ತಿಳಿಯೋಣ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ರೆಕ್ಕೆಚಕ್ರದ್ದು. ಬಸವನಹುಳುವಿನ ಚಿಪ್ಪಿನಂಥ ತಗಡಿನ ಗೂಡಿನೊಳಗೆ ಒಂದು ಚಕ್ರ ರಭಸವಾಗಿ ತಿರುಗಿ, ನಡುವಿನಿಂದ ಗಾಳಿಯನ್ನು ಸೆಳೆದು ಅಂಚಿಗೆ ಎಸೆಯುತ್ತದೆ. ಮಜ್ಜಿಗೆ ಕಡೆಯುವಾಗ ನೀರು ಗಡಿಗೆಯ ಅಂಚಿಗೆ ಏರುವುದಿಲ್ಲವೇ, ಹಾಗೆ. ಎರಡನೆಯದಕ್ಕೆ ರೂಟ್ಸ್ ಊದುಯಂತ್ರವೆಂದು ಹೆಸರು. ಇದರ ಹೊಟ್ಟೆಯಲ್ಲಿ ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಎರಡು ಉಕ್ಕಿನ ದಿಂಡುಗಳು ಒಂದಕ್ಕೊಂದು ತಾಗದೆ, ಆದರೆ ಕೂದಲೆಳೆಯ ಅಂತರದಲ್ಲಿ, ಎದುರುಬದುರಾಗಿ ತಿರುಗುತ್ತವೆ. ಗಾಳಿಯನ್ನು ಬೊಗಸೆಬೊಗಸೆಯಾಗಿ ಹಿಡಿದು ಆಚೆ ಸುರಿಯುತ್ತವೆ.

ಇದು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಇಂಡಿಯಾನಾ ಸಂಸ್ಥಾನದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರು ಉಣ್ಣೆಯ ಗಿರಣಿ ನಡೆಸುತ್ತಿದ್ದರು. ಗಿರಣಿಯ ನೀರುಚಕ್ರದ ಬದಲಿಗೆ ಹೊಸದೊಂದನ್ನು ಮಾಡಹೋಗಿ ಈ ಎಂಟರ ದಿಂಡುಗಳನ್ನು ಮರದಲ್ಲಿ ಕಡೆಸಿದರು. ನೀರು ಕುಡಿದು ಮರ ಉಬ್ಬಿತು, ದಿಂಡು ಸಿಕ್ಕಿಕೊಂಡಿತು. ಸರಿಮಾಡುತ್ತ ಒಣಗಿದಾಗ ತಿರುಗಿಸಿ ನೋಡಿದರೆ ನೀರಿಗಿಂತ ಗಾಳಿಯನ್ನೇ ಅದು ಚೆನ್ನಾಗಿ ತಳ್ಳುತ್ತಿತ್ತು. ಹತ್ತಿರ ಬಗ್ಗಿ ನೋಡುತ್ತಿದ್ದ ಎರಕದ ಮೇಸ್ತ್ರಿಯ ಟೋಪಿ ಹಾರಿಹೋಯಿತಂತೆ. ಇದರಿಂದ ಕಬ್ಬಿಣ ಕರಗಿಸಬಹುದಲ್ಲ ಎಂದು ಆತ ಕೂಗಿದನಂತೆ. ಟೋಪಿಯ ಮಾತು ಎಷ್ಟರ ಮಟ್ಟಿಗೆ ನಿಜವೋ, 1860ರಲ್ಲಿ ಅದಕ್ಕೆ ಪೇಟೆಂಟ್ ದೊರೆತದ್ದು ನಿಜ.

ಈ ಎರಡು ಜಾತಿಗಳ ಗುಣ ಒಂದಕ್ಕೊಂದು ತಿರುವುಮುರುವು. ರೆಕ್ಕೆಚಕ್ರದ ಯಂತ್ರವನ್ನು ಹೊರಡಿಸುವಾಗ ಹೊರಬಾಗಿಲ ತಡೆಯನ್ನು ಮುಚ್ಚಿಟ್ಟು ಹೊರಡಿಸುವುದು ವಾಡಿಕೆ. ಆಗ ಚಕ್ರಕ್ಕೆ ಕೆಲಸ ಕಡಿಮೆ, ಮೋಟಾರಿನ ಮೇಲೆ ಹೊರೆ ಬೀಳುವುದಿಲ್ಲ. ವೇಗ ಬಂದಮೇಲೆ ನಿಧಾನವಾಗಿ ತಡೆ ತೆರೆಯುತ್ತಾರೆ. ರೂಟ್ಸ್ ಯಂತ್ರವನ್ನು ಹೀಗೆ ಮುಚ್ಚಿಟ್ಟು ಹೊರಡಿಸಿದರೆ ಗ್ರಹಚಾರ ಕಾದಿದೆಯೆಂದೇ ಅರ್ಥ. ಅದು ಹಿಡಿದ ಬೊಗಸೆಗಾಳಿಯನ್ನು ಹಿಂದಕ್ಕೆ ಬಿಡುವ ಜಾತಿಯಲ್ಲ. ಹೋಗಲು ದಾರಿಯಿಲ್ಲದಿದ್ದರೂ ತಳ್ಳುತ್ತಲೇ ಇರುತ್ತದೆ. ಒತ್ತಡ ಏರುತ್ತ ಹೋಗಿ ಮೋಟಾರು ಸುಡಬಹುದು, ದಿಂಡುಗಳು ಕಾದು ಹಿಗ್ಗಿ ಒಂದಕ್ಕೊಂದು ಕಚ್ಚಬಹುದು, ಕೊಳವೆಯ ಕೀಲು ಹಾರಬಹುದು. ಒಂದು ಕಾರ್ಖಾನೆಯಲ್ಲಿ ಮೊದಲನೆಯ ಜಾತಿಯ ಯಂತ್ರದ ಮೇಲೆ ಹತ್ತು ವರ್ಷ ಕೈಪಳಗಿಸಿಕೊಂಡವನು ಇನ್ನೊಂದು ಕಾರ್ಖಾನೆಗೆ ಹೋಗಿ ಎರಡನೆಯದರ ಮುಂದೆ ನಿಂತನೆನ್ನಿ. ಅವನ ಹತ್ತು ವರ್ಷದ ಅನುಭವವೇ ಅಲ್ಲಿ ಅವನ ಶತ್ರು.

ಆದುದರಿಂದ ರೂಟ್ಸ್ ಯಂತ್ರವನ್ನು ಕೂಡಿಸುವಾಗ ಅದರ ಬಾಯಿಗೂ ಕೊಳವೆಯ ಮೊದಲನೆಯ ತಡೆಬಾಗಿಲಿಗೂ ನಡುವೆ ಒತ್ತಡ ಬಿಡುಗಡೆ ಮಾಡುವ ಕವಾಟವೊಂದು ಇರಲೇಬೇಕು. ನಡುವೆ ಎಂಬ ಮಾತನ್ನು ಗಮನಿಸಬೇಕು. ತಡೆಬಾಗಿಲಿನ ಆಚೆ ಕವಾಟವಿಟ್ಟು ನಿಶ್ಚಿಂತೆಯಿಂದ ಇದ್ದವರನ್ನು ನಾನು ಕಂಡಿದ್ದೇನೆ. ಬಾಗಿಲು ಮುಚ್ಚಿದರೆ ಆ ಕವಾಟಕ್ಕೆ ಸುದ್ದಿಯೇ ತಲಪುವುದಿಲ್ಲ. ಕವಾಟದ ಸ್ಪ್ರಿಂಗನ್ನು ಬಿಗಿಮಾಡುತ್ತ ಹೋಗುವುದು ಇನ್ನೊಂದು ಚಟ. ‘ಪದೇ ಪದೇ ಊದಿಬಿಡುತ್ತದೆ, ಕಿರಿಕಿರಿ’ ಎಂದು ತಿರುಪು ತಿರುಗಿಸುತ್ತಾರೆ. ಅದು ಊದಿಬಿಡುವುದು ಎಲ್ಲಿಯೋ ಗಾಳಿಯ ದಾರಿ ಕಟ್ಟಿದೆ ಎಂದು ಹೇಳುವುದಕ್ಕೆ. ಕೊಳೆನೀರಿನ ತೊಟ್ಟಿಗಳಲ್ಲಿ ತಳದ ಗಾಳಿಸೂಸುಗಗಳ ಮೇಲೆ ಕೆಸರು ಕಟ್ಟಿದಾಗ ಹೀಗಾಗುವುದುಂಟು. ಕೆಸರು ತೆಗೆಯಬೇಕೇ ಹೊರತು ಕವಾಟದ ಬಾಯಿ ಮುಚ್ಚಿಸಬಾರದು.

ಈ ಯಂತ್ರದ ಹೊರಕೊಳವೆ ಕೈ ಸುಡುತ್ತದೆಂಬುದೂ ಹೊಸಬರಿಗೆ ತಿಳಿದಿರುವುದಿಲ್ಲ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ವಾಯುಮಂಡಲದ ಒತ್ತಡದ ಅರ್ಧದಷ್ಟನ್ನು ಹೆಚ್ಚಾಗಿ ಹೇರಿದರೆ ಗಾಳಿಯ ಶಾಖ ಸುಮಾರು 50 ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ರಾಯಚೂರಿನ ಬೇಸಗೆಯಲ್ಲಿ ಹೊರಗೇ 40 ಇದ್ದರೆ ಕೊಳವೆ ಎಷ್ಟು ಬಿಸಿ ಎಂದು ಲೆಕ್ಕ ಹಾಕಿಕೊಳ್ಳಬಹುದು. ಅಲ್ಲಿ ಟವೆಲು ಒಣಹಾಕುವುದು ಬೇಡ. ಒರಗಿ ನಿಲ್ಲುವುದಂತೂ ಬೇಡವೇ ಬೇಡ.

ಕೂಡಿಸುವ ವಿಷಯ. ಯಂತ್ರದ ತೂಕದ ಮೂರರಿಂದ ಐದು ಪಟ್ಟು ತೂಕದ ಕಾಂಕ್ರೀಟು ಕಟ್ಟೆಯ ಮೇಲೆ ಕೂಡಿಸಬೇಕೆಂಬುದು ಹಳೆಯ ಲೆಕ್ಕ. ಕಾಲು ನಾಲ್ಕೂ ನೆಲಕ್ಕೆ ಸಮನಾಗಿ ಊರಬೇಕು. ಒಂದು ಕಾಲು ಎತ್ತರವಿದ್ದು ಬೋಲ್ಟಿನಿಂದ ಎಳೆದು ಬಿಗಿದರೆ ಯಂತ್ರದ ಮೈಯೇ ತಿರುಚಿಕೊಂಡು, ಒಳಗಿನ ಕೂದಲೆಳೆಯ ಅಂತರ ಮಾಯವಾಗುತ್ತದೆ. ಕೊಳವೆಯ ಭಾರವನ್ನು ಯಂತ್ರ ಹೊರಬಾರದು, ಗೋಡೆಯೋ ಕಂಬವೋ ಹೊರಬೇಕು. ಗಾಳಿ ಸೆಳೆಯುವ ಬಾಯಿಗೆ ಬಲೆ, ಸೋಸುಕ ಎರಡೂ ಇರಲಿ. ಈ ಬಾಯಿ ಅಂಗಿಯ ತುದಿಯನ್ನು ಎಳೆದುಕೊಳ್ಳಬಲ್ಲುದು, ಗೋಣಿಚೀಲವನ್ನು ನುಂಗಬಲ್ಲುದು. ಸೋಸುಕ ಧೂಳಿನಿಂದ ಕಟ್ಟಿಕೊಂಡರೆ ಯಂತ್ರ ಉಸಿರುಗಟ್ಟಿ ಕಾಯುತ್ತದೆ.

ಬೆಲ್ಟಿನ ಮೇಲೆ ಕಾಪು ಇರಬೇಕೆಂಬುದನ್ನು ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ತಿರುಗುವ ಭಾಗಗಳಿಗೆ ಭದ್ರವಾದ ಬೇಲಿ ಕಟ್ಟಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಬರೆದರು. ಆದರೂ ಬೆಲ್ಟು ಬದಲಾಯಿಸಲು ಬಿಚ್ಚಿದ ಕಾಪು ಮೂಲೆಯಲ್ಲಿ ಗೋಡೆಗೆ ಒರಗಿಕೊಂಡು ಜೇಡರಬಲೆ ಕಟ್ಟಿಸಿಕೊಂಡಿರುವುದು ನಮ್ಮ ಎಷ್ಟೋ ಕಾರ್ಖಾನೆಗಳ ಸಾಮಾನ್ಯ ನೋಟ. ಕೊರಳಿಗೆ ಟವೆಲು ಸುತ್ತಿಕೊಂಡು ಅಂಥ ಬೆಲ್ಟಿನ ಪಕ್ಕ ಬಗ್ಗುವವನಿಗೆ ಏನು ಹೇಳೋಣ?

ಗಾಳಿ ಸಾಲದೆಂದು ರಾಟೆ ಬದಲಾಯಿಸಿ ವೇಗ ಹೆಚ್ಚಿಸುವ ಸಾಹಸಿಗಳಿಗೆ ಒಂದು ಮಾತು. ರೆಕ್ಕೆಚಕ್ರದ ಯಂತ್ರದಲ್ಲಿ ವೇಗವನ್ನು ನೂರಕ್ಕೆ 10ರಷ್ಟು ಏರಿಸಿದರೆ ಗಾಳಿ ಏರುವುದು ನೂರಕ್ಕೆ 10. ಆದರೆ ಅದು ಬೇಡುವ ಶಕ್ತಿ ನೂರಕ್ಕೆ 33ರಷ್ಟು ಏರುತ್ತದೆ, ಚಕ್ರವನ್ನು ಸೀಳಿ ಎಸೆಯಲೆಳಸುವ ಬಲ ನೂರಕ್ಕೆ 21ರಷ್ಟು ಏರುತ್ತದೆ. ಚಕ್ರ ಮಾಡಿದವರನ್ನು ಕೇಳದೆ ಈ ವ್ಯಾಪಾರಕ್ಕೆ ಇಳಿಯಬಾರದು.

ತಂತಿ ಜೋಡಿಸಿದ ಮೇಲೆ ಮೋಟಾರು ಯಾವ ದಿಕ್ಕಿಗೆ ತಿರುಗುತ್ತದೆಂದು ನೋಡುವುದು ಒಂದು ಕ್ಷಣದ ಕೆಲಸ. ಮೂರು ತಂತಿಗಳಲ್ಲಿ ಎರಡು ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಇಲ್ಲಿಯೂ ಎರಡು ಜಾತಿಗಳ ಗುಣ ಬೇರೆ. ರೆಕ್ಕೆಚಕ್ರ ಉಲ್ಟಾ ತಿರುಗಿದರೂ ಗಾಳಿಯನ್ನು ಮುಂದಕ್ಕೇ ಊದುತ್ತದೆ, ಆದರೆ ಕಡಿಮೆ. ಗಾಳಿ ಬರುತ್ತಿದೆಯಲ್ಲ ಎಂದು ಸುಮ್ಮನಿದ್ದು, ಸಾಲುತ್ತಿಲ್ಲವೆಂದು ತಿಂಗಳುಗಟ್ಟಲೆ ಕುಲುಮೆಯನ್ನು ಬೈದವರುಂಟು. ರೂಟ್ಸ್ ಯಂತ್ರ ಉಲ್ಟಾ ತಿರುಗಿದರೆ ಊದುವುದನ್ನು ಬಿಟ್ಟು ಹೀರತೊಡಗುತ್ತದೆ. ಅದರ ಮುಂದೆ ಬೆಂಕಿಯಿದ್ದರೆ ಬೆಂಕಿಯ ಅನಿಲವನ್ನೇ ಹೀರುತ್ತದೆ. ನಮ್ಮೂರ ಕಮ್ಮಾರ ಹೇಳಿದಂತೆ ಬೆಂಕಿ ಕುಡಿಯುತ್ತದೆ. ಮೋಟಾರನ್ನು ರಿಪೇರಿಗೆ ಕಳಿಸಿ ತಂದು ಜೋಡಿಸಿದ ದಿನ ಇದನ್ನು ಪರೀಕ್ಷಿಸದೆ ಕುಲುಮೆಗೆ ಬೆಂಕಿಯಿಡಬಾರದು.

ಈಗ ನಿಂತ ಯಂತ್ರಕ್ಕೆ ಬರೋಣ.

ಯಂತ್ರವನ್ನು ಆರಿಸಿದ್ದೇವೆ, ಇನ್ನೇನು ಭಯ ಎಂದು ಒಬ್ಬ ಮುಚ್ಚಳ ಬಿಚ್ಚಿ ಕೈಹಾಕಿದ. ದೊಡ್ಡ ರೆಕ್ಕೆಚಕ್ರ ಗುಂಡಿ ಒತ್ತಿದೊಡನೆ ನಿಲ್ಲುವುದಿಲ್ಲ; ಸದ್ದಡಗಿದ ಮೇಲೂ ಎಷ್ಟೋ ನಿಮಿಷ ತಿರುಗುತ್ತಿರುತ್ತದೆ. ನಿಂತದ್ದೂ ನಿಂತೇ ಇರುತ್ತದೆಂಬ ಭರವಸೆಯಿಲ್ಲ. ಹೊಗೆಕೊಳವೆಯ ಸೆಳೆತಕ್ಕೋ ಪಕ್ಕದ ಯಂತ್ರದಿಂದ ಸೋರಿ ಬಂದ ಗಾಳಿಗೋ ಅದು ತಾನಾಗಿ ತಿರುಗತೊಡಗುತ್ತದೆ. ಬಯಲಿನಲ್ಲಿಟ್ಟ ಕಾಗದದ ಗಿರಿಗಿಟ್ಲೆ ನೆನಪುಮಾಡಿಕೊಳ್ಳಿ. ಕಾಗದದ ಬದಲು ಐವತ್ತು ಕಿಲೋ ಉಕ್ಕು ಎಂದು ಭಾವಿಸಿ. ಆದುದರಿಂದ ಕೈಹಾಕುವ ಮುನ್ನ ಚಕ್ರಕ್ಕೆ ಮರದ ಬೆಣೆ ಕೊಟ್ಟು ಕಟ್ಟಬೇಕು.

ಇದಕ್ಕಿಂತ ದೊಡ್ಡ ಭಯ ಇನ್ನೊಬ್ಬ ಮನುಷ್ಯನದು. ಯಂತ್ರ ಒಂದು ಕೋಣೆಯಲ್ಲಿ, ಗುಂಡಿ ಇನ್ನೊಂದು ಕೋಣೆಯಲ್ಲಿ. ಒಳಗೆ ಒಬ್ಬ ಕೈಹಾಕಿದ್ದಾನೆಂದು ತಿಳಿಯದೆ ಹೊರಗಿನವನು ಗುಂಡಿ ಒತ್ತುತ್ತಾನೆ. ‘ಕೆಲಸ ನಡೆದಿದೆ’ ಎಂಬ ಹಲಗೆ ತೂಗಹಾಕಿದರೆ ಸಾಲದೇ ಎಂದರೆ, ಸಾಲದು. ಹಲಗೆ ಬಿದ್ದುಹೋಗುತ್ತದೆ, ಓದಲು ಬಾರದವನು ಬರುತ್ತಾನೆ, ಓದಲು ಬಂದವನು ಓದುವುದಿಲ್ಲ. ವಿದ್ಯುತ್ತಿನ ಮೂಲಸ್ವಿಚ್ಚನ್ನು ಕೆಳಗೆಳೆದು ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಮೂವರು ಕೆಲಸಮಾಡುತ್ತಿದ್ದರೆ ಮೂರು ಬೀಗ. ಬೀಗದ ಬೆಲೆ ಹೆಚ್ಚಾಯಿತು ಎಂದು ಗೊಣಗಿದ ಮಾಲೀಕರೊಬ್ಬರಿಗೆ, ತಮ್ಮ ಪೆಟ್ಟಿಗೆಗೆ ಎಷ್ಟು ಬೀಗ ಇವೆ ಸ್ವಾಮಿ ಎಂದು ನಾನು ಕೇಳಿದ್ದುಂಟು. ಅವರು ಉತ್ತರ ಕೊಡಲಿಲ್ಲ, ಬೀಗ ತರಿಸಿದರು.

ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇನ್ನೊಂದು ವಿಶೇಷವಿದೆ. ಮೋಟಾರಿನ ಸ್ಟಾರ್ಟರಿನೊಳಗೆ ಒಂದು ಪುಟ್ಟ ಸುರುಳಿಯುಂಟು. ಕರೆಂಟು ಹೋದೊಡನೆ ಅದು ಹಿಡಿತ ಬಿಡುತ್ತದೆ. ಕರೆಂಟು ಮರಳಿ ಬಂದರೂ, ಮನುಷ್ಯನೊಬ್ಬ ಬಂದು ಗುಂಡಿ ಒತ್ತುವ ತನಕ ಯಂತ್ರ ಹೊರಡುವುದಿಲ್ಲ. ಈ ಏರ್ಪಾಡನ್ನು ಮಾಡಿದವರ ಬುದ್ಧಿಗೆ ಕೈಮುಗಿಯಬೇಕು. ನಮ್ಮಲ್ಲಿ ಮಾಡುವುದೇನೆಂದರೆ, ಪ್ರತಿಸಲವೂ ಎದ್ದುಹೋಗಿ ಗುಂಡಿ ಒತ್ತುವುದು ಯಾರೆಂದು ಅದರ ಹಿಡಿಕೆಗೆ ಬೆಂಕಿಕಡ್ಡಿಪೆಟ್ಟಿಗೆಯನ್ನೋ ಮರದ ಚೂರನ್ನೋ ಸಿಕ್ಕಿಸಿಬಿಡುತ್ತೇವೆ. ಅಂಥ ಯಂತ್ರ ನಟ್ಟಿರುಳಿನಲ್ಲಿ ತಾನೇ ಎದ್ದು ಕುಳಿತರೆ ದೆವ್ವವನ್ನು ದೂರಬೇಕಾದ್ದಿಲ್ಲ.

ವಸತಿ ಸಮುಚ್ಚಯದ ಕೊಳೆನೀರಿನ ತೊಟ್ಟಿಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಊದುಯಂತ್ರ ಕೆಟ್ಟು ಗಾಳಿ ನಿಂತರೆ ತೊಟ್ಟಿಯಲ್ಲಿ ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಮೇಲೇಳುತ್ತವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದು ಆಗ. ಆ ಅನಿಲ ಹೆಚ್ಚಾದಾಗ ಮೂಗೇ ಮರಗಟ್ಟಿ ನಾತ ಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಗಾಳಿ ನಿಂತಿದೆ, ತೊಟ್ಟಿ ಶಾಂತವಾಗಿದೆ, ಈಗಲೇ ಇಳಿದು ತಳ ತೊಳೆದುಬಿಡು ಎಂದು ಯಾರನ್ನಾದರೂ ಇಳಿಸುವುದು ಕೊಲೆಗೆ ಸಮಾನ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಮಲದ ಗುಂಡಿಗೆ, ಒಳಚರಂಡಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ತಾವು ಸಂಘದ ಕಾರ್ಯದರ್ಶಿಗಳಾಗಿದ್ದರೆ ದಯವಿಟ್ಟು ಇದನ್ನು ನೆನಪಿನಲ್ಲಿಡಬೇಕು.

ಇನ್ನು ನನ್ನ ಸ್ವಂತ ಕಥೆ. 1979ರ ಬೇಸಗೆ. ಉತ್ತರ ಕರ್ನಾಟಕದ ಒಂದು ಊರಿನ ಎರಕದ ಕಾರ್ಖಾನೆಯಲ್ಲಿ ನಾನು ಕೆಲಸ ಕಲಿಯಲು ಸೇರಿ ಏಳೆಂಟು ತಿಂಗಳಾಗಿತ್ತು. ಅಲ್ಲಿ ಕ್ಯುಪೋಲಾ ಎಂಬ ಕುಲುಮೆ ಇತ್ತು. ಎರಡಾಳೆತ್ತರದ ಉಕ್ಕಿನ ಹಂಡೆಯೆನ್ನಿ. ಒಳಗೆ ಬೆಂಕಿ ತಾಳುವ ಇಟ್ಟಿಗೆ. ಮೇಲಿನಿಂದ ಕೋಕ್, ಕಬ್ಬಿಣ, ಸುಣ್ಣಕಲ್ಲು ಎಂದು ಪದರಪದರವಾಗಿ ಸುರಿಯುತ್ತಾರೆ. ಸೊಂಟಕ್ಕೆ ಸುತ್ತಲೂ ಒಡ್ಯಾಣದಂತೆ ಗಾಳಿಪೆಟ್ಟಿಗೆ. ಊದುಯಂತ್ರದ ಗಾಳಿ ತಗಡಿನ ಕೊಳವೆಯಲ್ಲಿ ಹರಿದು ಅಲ್ಲಿಗೆ ಬಂದು, ಆರು ಗಾಳಿಕಂಡಿಗಳ ಮೂಲಕ ಬೆಂಕಿಗೆ ನುಗ್ಗುತ್ತದೆ. ಪ್ರತಿಯೊಂದು ಕಂಡಿಯ ಎದುರಿಗೂ ಹೊರಗಡೆ ಒಂದು ಇಣುಕುಕಿಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ.

ಕಬ್ಬಿಣ ಕರಗಿ ಎರಡು ಸಲ ಎರಕ ಹೊಯ್ದಾಗಿತ್ತು. ಕರೆಂಟು ಹೋಯಿತು. ಬೆಳಗಿನಿಂದ ಕಿವಿಯಲ್ಲಿ ತುಂಬಿದ್ದ ಮೊರೆತ ಸಣ್ಣಗಾಗುತ್ತ ನಿಂತುಹೋಯಿತು. ಆ ನಿಶ್ಶಬ್ದ ಎಷ್ಟು ಹಿತವಾಗಿತ್ತೆಂದರೆ ನಾವೆಲ್ಲ ಬೀಡಿ, ಎಲೆಯಡಿಕೆ ತೆಗೆದು ಕುಳಿತೆವು. ಹಿರಿಯ ಮೇಸ್ತ್ರಿ ಅಚ್ಚುಗಳ ಅಂಗಳಕ್ಕೆ ಹೋಗಿದ್ದರು. ಆರು ಮುಚ್ಚಳಗಳೂ ಮುಚ್ಚಿದ್ದವು, ಗಾಳಿಕೊಳವೆಯ ತಡೆ ತೆರೆದೇ ಇತ್ತು. ಅದನ್ನು ನಾನು ನೋಡಿದೆ, ಆದರೆ ನೋಡಿದ್ದಕ್ಕೆ ಅರ್ಥವಿದೆಯೆಂದು ತಿಳಿದಿರಲಿಲ್ಲ. ಹದಿನೈದು ಇಪ್ಪತ್ತು ನಿಮಿಷ ಕಳೆದಿರಬಹುದು. ದೀಪ ಹತ್ತಿತು. ನಾನು ಉತ್ಸಾಹದಿಂದ ಓಡಿಹೋಗಿ ಹಸಿರು ಗುಂಡಿ ಒತ್ತಿದೆ.

ಯಂತ್ರ ಗುಂಯ್ ಎಂದು ಮೇಲೇರುತ್ತಿತ್ತು. ಆಮೇಲೆ ಒಂದು ಸದ್ದು. ಪಟಾಕಿಯಂತಲ್ಲ; ದೊಡ್ಡ ಕದವನ್ನು ಯಾರೋ ಒದ್ದಂತೆ. ಕೊಳವೆಯ ಮೊಣಕೈ ಸೀಳಿ ತಗಡು ಹಾರಿತು. ನೀಲಿಯ ಒಂದು ಮಿಂಚು, ಆಮೇಲೆ ಬರೀ ಧೂಳು. ಆ ಮೊಣಕೈಯ ಪಕ್ಕದಲ್ಲಿ ನನ್ನ ವಯಸ್ಸಿನವನೇ ಒಬ್ಬ ಸಹಾಯಕ ಸಂದಿಗೆ ಜೇಡಿಮಣ್ಣು ಮೆತ್ತುತ್ತ ನಿಂತಿದ್ದ. ಅವನು ಬದುಕಿದ. ಮುಖ, ಬಲಗೈ ಬೆಂದವು. ಬಲಗಿವಿ ಆಮೇಲೆ ಎಂದೂ ಕೇಳಲಿಲ್ಲ.

ಆದದ್ದೇನು? ಗಾಳಿ ನಿಂತರೂ ಕುಲುಮೆಯೊಳಗಿನ ಕೋಕ್ ಕೆಂಪಗೆ ಇದ್ದೇ ಇರುತ್ತದೆ. ಗಾಳಿ ಸಾಲದೆ ಉರಿಯುವ ಕೆಂಡ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಹೆರುತ್ತದೆ. ಊದುಗಾಳಿ ಇರುವ ತನಕ ಅದು ಮೇಲಕ್ಕೆ ಹೋಗುತ್ತದೆ. ಎದುರಿನ ಒತ್ತಡ ಹೋದೊಡನೆ ಗಾಳಿಕಂಡಿಗಳಿಂದ ಹಿಂದಕ್ಕೆ ಹರಿದು, ಗಾಳಿಪೆಟ್ಟಿಗೆ ತುಂಬಿ, ಕೊಳವೆ ತುಂಬಿ, ಊದುಯಂತ್ರದ ಹೊಟ್ಟೆಗೂ ಇಳಿಯುತ್ತದೆ. ಈ ಅನಿಲ ಗಾಳಿಯೊಂದಿಗೆ ನೂರಕ್ಕೆ ಸುಮಾರು 12ರಿಂದ 74ರಷ್ಟು ಬೆರೆತರೆ ಕಿಡಿಗಾಗಿ ಕಾಯುತ್ತಿರುವ ಮದ್ದಾಗುತ್ತದೆ. ನಾನು ಗುಂಡಿ ಒತ್ತಿದಾಗ ಗಾಳಿಯನ್ನು ಬೆರೆಸಿದೆ, ಬೆರೆಸಿದ್ದನ್ನು ಕೆಂಡದ ಮೇಲೆಯೇ ತಳ್ಳಿದೆ.

ಇದೇ ಅನಿಲ ಉಸಿರಿಗೂ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1,200 ಭಾಗವಿದ್ದರೆ ತತ್‌ಕ್ಷಣ ಪ್ರಾಣಾಪಾಯವೆಂದು ಎಣಿಸುತ್ತಾರೆ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಕಾಲು ಸೋಲುತ್ತದೆ, ಬಾಗಿಲಿಗೆ ನಡೆಯಲಾಗುವುದಿಲ್ಲ. ನಿಂತ ಕುಲುಮೆಯ ಊದುಯಂತ್ರದ ಕೋಣೆಯಲ್ಲಿ ಒಬ್ಬ ಬಿದ್ದಿದ್ದರೆ, ಅವನನ್ನು ಎತ್ತಲು ಹಾಗೆಯೇ ನುಗ್ಗಿದ ಎರಡನೆಯವನೂ ಬೀಳುತ್ತಾನೆ. ಮನೆಯವರಿಗೂ ಇದು ಅಪರಿಚಿತವಲ್ಲ. ಮಲೆನಾಡಿನ ಚಳಿಗೆ ಬಾಗಿಲು ಹಾಕಿ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಬೆಳಿಗ್ಗೆ ಏಳದಿರುವುದಕ್ಕೂ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಕುಸಿಯುವುದಕ್ಕೂ ಇದೇ ಅನಿಲ ಕಾರಣ.

ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಅನ್ನಿಸಿತು. ಮರುದಿನ ಬೆಳಿಗ್ಗೆ ಆರಿದ ಕುಲುಮೆಯ ಮುಂದೆ ನಿಲ್ಲಿಸಿಕೊಂಡು, ತಾನು ಹೇಳಿಕೊಡಬೇಕಾಗಿದ್ದುದನ್ನು ಹೇಳಿಕೊಡಲಿಲ್ಲವೆಂದು ಅಂದು, ಹೇಳಿಕೊಟ್ಟರು. ಗಾಳಿ ನಿಂತ ಕ್ಷಣವೇ, ಅದು ನಾವೇ ನಿಲ್ಲಿಸಿದ್ದಾಗಲಿ ಕರೆಂಟು ಹೋದದ್ದಾಗಲಿ, ಮುಚ್ಚಳಗಳನ್ನು ತೆರೆಯಬೇಕು. ಅನಿಲ ಕೊಳವೆಗೆ ಹೋಗದೆ ಹೊರಗೆ ಬರಲಿ. ಅದಕ್ಕೇ ಆ ಜಾಗಕ್ಕೆ ಧಾರಾಳವಾಗಿ ಬಯಲಗಾಳಿ ಆಡುವಂತಿರಬೇಕು, ಮುಚ್ಚಳ ತೆರೆದವನು ಅಲ್ಲಿ ನಿಂತಿರಬಾರದು. ಕುಲುಮೆಯ ಹತ್ತಿರದ ಗಾಳಿತಡೆಯನ್ನು ಮುಚ್ಚಬೇಕು. ಮತ್ತೆ ಹೊರಡಿಸುವಾಗ ಮುಚ್ಚಳಗಳು ತೆರೆದೇ ಇರಬೇಕು. ಊದುಗಾಳಿ ಬಂದು, ಕೊಳವೆಯಲ್ಲಿ ಉಳಿದದ್ದನ್ನೆಲ್ಲ ಆ ಕಿಂಡಿಗಳಿಂದ ಹೊರಗೆ ಗುಡಿಸಿದ ಮೇಲೆ ಒಂದೊಂದಾಗಿ ಮುಚ್ಚಬೇಕು. ಕಿಂಡಿಯ ನೇರಕ್ಕೆ ಮುಖವಿಟ್ಟು ನಿಲ್ಲಕೂಡದು. ಕರೆಂಟು ಬಹಳ ಹೊತ್ತು ಬರದಿದ್ದರೆ ಆಸೆ ಬಿಟ್ಟು ಕುಲುಮೆಯ ತಳ ತೆರೆದು ಇಳಿಸಿಬಿಡಬೇಕು. ಅವರ ವಿದ್ಯೆ ಇಷ್ಟೇ, ಆದರೆ ಬರೆದಿಟ್ಟ ಕಡೆ ಎಲ್ಲಿಯೂ ಇರಲಿಲ್ಲ. ಅವರ ತಲೆಯಲ್ಲಿತ್ತು, ಅವರು ಅಂಗಳದಲ್ಲಿದ್ದರು.

ಈಗ ಅನೇಕ ಕಡೆ ಕೋಕ್ ಬಿಟ್ಟು ವಿದ್ಯುತ್ತಿನ ಇಂಡಕ್ಷನ್ ಕುಲುಮೆಗಳನ್ನು ತಂದಿದ್ದಾರೆ. ಅವಕ್ಕೆ ಊದುಗಾಳಿಯೇ ಬೇಡ. ಉಳಿದ ಕ್ಯುಪೋಲಾಗಳಲ್ಲಿ ಗಾಳಿ ನಿಂತೊಡನೆ ತಾನೇ ಮುಚ್ಚಿಕೊಳ್ಳುವ ತಡೆ, ಒತ್ತಡ ಬಂದರೆ ಮೊದಲು ತಾನೇ ಹರಿದು ಮಿಕ್ಕದ್ದನ್ನು ಉಳಿಸುವ ತೆಳುತಗಡಿನ ಬಾಗಿಲು ಮೊದಲಾದವನ್ನು ಇಡಬಹುದು. ವಿಷಾನಿಲ ಕಂಡರೆ ಕೂಗುವ ಪುಟ್ಟ ಪೆಟ್ಟಿಗೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಇಡಬೇಕು. ಆದರೂ ಮುಚ್ಚಳ ತೆರೆಯುವ ಕೈಗೆ ಬದಲಾಗಿ ಅವನ್ನು ಇಡುವುದು ನನಗೆ ಒಪ್ಪಿಗೆಯಿಲ್ಲ.

ಸದ್ದಿನ ವಿಷಯ ಹೇಳದೆ ಮುಗಿಸಿದರೆ ಆ ಗೆಳೆಯನಿಗೆ ಅನ್ಯಾಯವಾಗುತ್ತದೆ. ಅವನ ಬಲಗಿವಿ ಒಂದೇ ಏಟಿಗೆ ಹೋಯಿತು. ನಮ್ಮ ಮಿಕ್ಕವರ ಕಿವಿಗಳು ದಿನಕ್ಕಿಷ್ಟೆಂದು ಹೋದವು. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಸದ್ದು ಮಿತಿಯೆಂದು ನಮ್ಮಲ್ಲಿ ನಿಯಮ ಮಾಡಿದ್ದಾರೆ. ಅದೇ ಹೆಚ್ಚಾಯಿತೆಂದು ಹೇಳುವ ಪಂಡಿತರೂ ಉಂಟು. ಸದ್ದಡಗಿಸುವ ಪೆಟ್ಟಿಗೆಯಿಲ್ಲದ ರೂಟ್ಸ್ ಯಂತ್ರದ ಪಕ್ಕ ಸುಲಭವಾಗಿ ನೂರು ಮೀರುತ್ತದೆ. ತಮ್ಮ ಮನೆಯಲ್ಲಿ ಇಂಥ ಕಡೆ ದುಡಿಯುವವರಿದ್ದರೆ ಒಂದು ಪರೀಕ್ಷೆ ಹೇಳುತ್ತೇನೆ. ಕೆಲಸಕ್ಕೆ ಹೋಗುವ ಮುನ್ನ ಬೆಳಿಗ್ಗೆ ರೇಡಿಯೊದ ಗುಂಡಿ ಎಲ್ಲಿಗೆ ತಿರುಗಿಸಿದ್ದರು, ಸಂಜೆ ಬಂದ ಮೇಲೆ ಎಲ್ಲಿಗೆ ತಿರುಗಿಸಿದರು ಎಂದು ನೋಡಿ. ಸಂಜೆ ಹೆಚ್ಚಿಗೆ ತಿರುಗಿಸಿದ್ದರೆ ಆ ದಿನದ ಮಟ್ಟಿಗೆ ಕಿವಿ ದಣಿದಿದೆ. ಬೆಳಿಗ್ಗೆಯೂ ಹೆಚ್ಚಿಗೇ ತಿರುಗಿಸತೊಡಗಿದರೆ ಕಿವಿಬಿರಡೆ ಕೊಂಡುತರುವುದನ್ನು ನಾಳೆಗೆ ಹಾಕಬಾರದು. ನಾನು ಹಾಕಿದೆ. ಈಗ ನನ್ನ ಮೊಮ್ಮಗಳು ನನ್ನೊಡನೆ ಮಾತನಾಡುವಾಗ ಕೂಗುತ್ತಾಳೆ.

ಆ ಕಾರ್ಖಾನೆಯಲ್ಲಿ ಅಪಘಾತವಾದ ವಾರದೊಳಗೆ ಎರಡು ಬದಲಾವಣೆ ಮಾಡಿದರು. ಹಸಿರು ಗುಂಡಿಯ ಹಲಗೆಯನ್ನು ಒಳಕೋಣೆಯಿಂದ ಕಿತ್ತು, ಅಲ್ಲಿ ನಿಂತರೆ ಕುಲುಮೆಯ ಆರು ಕಿಂಡಿಗಳೂ ಕಾಣುವಂಥ ಕಂಬಕ್ಕೆ ಹಾಕಿದರು. ಅಡ್ಡವಾದ ಕಿಂಡಿಗಳಿಗಾಗಿ ಒಂದು ಹಳೆಯ ಕ್ಷೌರದಂಗಡಿಯ ಕನ್ನಡಿಯನ್ನು ತಂದು ಎದುರು ಗೋಡೆಗೆ ಹೊಡೆದರು. ಮುಚ್ಚಳಗಳ ಒಳಮೈಗೆ ಬಿಳಿಯ ಬಣ್ಣ ಬಳಿದರು, ತೆರೆದಿದ್ದರೆ ದೂರದಿಂದಲೇ ಕಾಣಲೆಂದು. ಶಾಖಕ್ಕೆ ಬಣ್ಣ ನಿಲ್ಲುತ್ತಿರಲಿಲ್ಲ. ಪ್ರತಿ ಸೋಮವಾರ ಕುಲುಮೆ ಆರಿದ್ದಾಗ ಸುಣ್ಣದ ನೀರಿನಿಂದ ಮತ್ತೆ ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆ ಕಾರ್ಖಾನೆಯಲ್ಲಿದ್ದ ಹನ್ನೊಂದು ವರ್ಷವೂ ಬಳಿದೆ.